ಮುಂದಿನ ಬಾಗು

ಹತ್ತೊಂಬತ್ತು ವರ್ಷ ನಾನು ಒಂದೇ ಕಾರ್ಖಾನೆಯ ವ್ಯಾನ್ ಓಡಿಸಿದೆ. ವೀಲ್‌ಚೇರ್ ಮಾಡುವ ಕಾರ್ಖಾನೆ. ಅಲ್ಲಿ ಕೆಲಸ ಬಲ್ಲವರು ಯಾರಿದ್ದರು ಅಂತ ಯಾರಾದರೂ ಕೇಳಿದರೆ ನನ್ನ ಬಾಯಿಗೆ ಮೊದಲು ಬರುವ ಹೆಸರು ಅರದಕ್ಕ. ಅಪ್ಪ ಅಮ್ಮ ಇಟ್ಟ ಹೆಸರು ಅದಲ್ಲ. ಪ್ಯಾಕಿಂಗ್ ಕೆಲಸಕ್ಕೆ ಸೇರಿದ ಹುಡುಗಿ ಊಟದ ಬಿಡುವಿನಲ್ಲಿ ಟೂಲ್‌ರೂಮಿಗೆ ನುಗ್ಗಿ, ಅರ ಹಿಡಿದು ಕಬ್ಬಿಣದ ತುಂಡು ಉಜ್ಜುತ್ತಾ ನಿಲ್ಲುತ್ತಿದ್ದಳಂತೆ. ದೊಡ್ಡ ಯಜಮಾನರು ಒಂದು ದಿನ ನೋಡಿ, “ಏನಮ್ಮಾ ಇದು?” ಅಂದರಂತೆ.

“ಚೌಕ ಮಾಡ್ತಿದ್ದೀನಿ ಸಾರ್. ಮೂರು ಮೂಲೆ ಬಂತು, ನಾಲ್ಕನೇದು ಹಟ ಮಾಡ್ತಿದೆ.”

ಮರುದಿನದಿಂದ ಅವಳಿಗೆ ಪ್ಯಾಕಿಂಗ್ ತಪ್ಪಿತು. ನಾನು ಸೇರುವ ಹೊತ್ತಿಗೆ ಟೂಲ್‌ರೂಮ್ ಪೂರ್ತಿ ಅವಳ ಕೈಯಲ್ಲಿತ್ತು.

ಅವಳಿಗೆ ಈ ಕೆಲಸದ ಹುಚ್ಚು ಹಿಡಿದದ್ದು ತಂಗಿಯಿಂದ. ತಂಗಿ ಒಂಬತ್ತನೇ ವಯಸ್ಸಿನಲ್ಲಿ ಮಾಳಿಗೆಯಿಂದ ಬಿದ್ದು ಸೊಂಟದ ಕೆಳಗಿನ ಸ್ವಾಧೀನ ಕಳೆದುಕೊಂಡಳು. ಅವಳಿಗೆ ಸಿಕ್ಕಿದ್ದು ಆಸ್ಪತ್ರೆಯವರು ಬೇಡ ಅಂತ ಬಿಟ್ಟ ಕಬ್ಬಿಣದ ಕುರ್ಚಿ, ಇಪ್ಪತ್ಮೂರು ಕಿಲೋ. ಮನೆ ಮೂರನೇ ಮಹಡಿ. ಅಕ್ಕ ಮೊದಲು ತಂಗಿಯನ್ನು ಹೊತ್ತು ಕೆಳಗೆ ಕೂರಿಸಬೇಕು, ಮತ್ತೆ ಹತ್ತಿ ಕುರ್ಚಿ ಹೊತ್ತು ಇಳಿಯಬೇಕು. ಹೀಗೇ ಶಾಲೆ ಮುಗಿಯಿತು, ಕಾಲೇಜು ಮುಗಿಯಿತು, ತಂಗಿ ರಸಾಯನಶಾಸ್ತ್ರ ಕಲಿಸುವ ಮೇಡಂ ಆದಳು. “ಅವಳನ್ನ ಹೊರೋದಕ್ಕೆ ನನಗೆ ಯಾವತ್ತೂ ಬೇಜಾರಾಗಿಲ್ಲ. ಆ ಕುರ್ಚಿ ಹೊರುವಾಗ ಮಾತ್ರ ಮಾಡಿದವನ ವಂಶಕ್ಕೆಲ್ಲ ಬೈತಿದ್ದೆ,” ಅನ್ನುತ್ತಿದ್ದಳು ಅರದಕ್ಕ.

ದೊಡ್ಡ ಯಜಮಾನರು ತೀರಿಕೊಂಡು ಮಗ ಯಜಮಾನಿಕೆಗೆ ಬಂದ. ನಾವು ಅವರನ್ನು ಸಣ್ಣ ಯಜಮಾನ್ರು ಅಂತಿದ್ದೆವು. ಒಳ್ಳೆಯ ಮನುಷ್ಯ, ಆದರೆ ಎಲ್ಲದಕ್ಕೂ ಅವಸರ. ಎಂಟು ಕಿಲೋದ ಒಂದು ಕುರ್ಚಿ ಮಾಡಬೇಕು, ಒಂದೇ ಕೈಯಲ್ಲಿ ಎತ್ತಿ ಕಾರಿಗೆ ಹಾಕುವಂಥದ್ದು, ನೋಡಿದವರು ತಿರುಗಿ ತಿರುಗಿ ನೋಡುವಂಥದ್ದು ಅಂತ ಅವರ ಆಸೆ. ಒಂದು ದಿನ ಮೂರು ಬಗೆಯ ಅಲ್ಯೂಮಿನಿಯಂ ಪೈಪು ಮೇಜಿನ ಮೇಲೆ ಜೋಡಿಸಿ ಎಲ್ಲರನ್ನೂ ಕರೆದರು.

“ಇದೇ ಇರಲಿ,” ಅಂತ ಒಂದನ್ನು ಎತ್ತಿದರು. “ಎಪ್ಪತ್ತು ಎಪ್ಪತ್ತೈದು. ವಿಮಾನಕ್ಕೆ ಹಾಕೋ ಅಲ್ಯೂಮಿನಿಯಂ. ಇದಕ್ಕಿಂತ ಗಟ್ಟಿ ಇನ್ನೊಂದಿಲ್ಲ.”

“ಗಟ್ಟಿ ಹೌದು ಸಾರ್,” ಅಂದಳು ಅರದಕ್ಕ. “ಆದ್ರೆ ಗಟ್ಟಿ ಇರೋರೆಲ್ಲ ಸಂಸಾರಕ್ಕೆ ಒಗ್ಗಲ್ಲ. ಇದಕ್ಕೆ ಬೆಸುಗೆ ಹಾಕಿದ್ರೆ ಬಿರುಕು ಬಿಡುತ್ತೆ. ವಿಮಾನಕ್ಕಾದ್ರೆ ರಿವೆಟ್ ಹೊಡೀತಾರೆ. ನಾವು ರಿವೆಟ್ ಹೊಡೆದ್ರೆ ಕೂತೋರ ತೊಡೆಗೆ ಚುಚ್ಚುತ್ತೆ.”

ಎಲ್ಲರೂ ನಕ್ಕರು. ನಮ್ಮ ವೆಲ್ಡರ್ ಮೇಸ್ತ್ರಿ, ಮೂವತ್ತು ವರ್ಷದಿಂದ ಅದೇ ಮೂಲೆಯಲ್ಲಿ ಬೆಸುಗೆ ಹಾಕುತ್ತಿದ್ದವರು, ಹೌದೆಂದು ಜೋರಾಗಿ ತಲೆ ಆಡಿಸಿದರು. ಅರದಕ್ಕ ಆರಿಸಿದ್ದು ಅರವತ್ತು ಅರವತ್ತೊಂದು ಅನ್ನುವ ಜಾತಿಯನ್ನು. ಕಾರಣ ನನ್ನಂಥ ಡ್ರೈವರಿಗೂ ತಿಳಿಯುವ ಹಾಗೆ ಹೇಳಿದಳು. ಪೈಪನ್ನು ಮೆದುವಾಗಿರುವಾಗಲೇ ತರಿಸಬೇಕು, ಏಕೆಂದರೆ ಗಟ್ಟಿ ಪೈಪು ಬಗ್ಗಿಸಿದರೆ ಹೊರಮೈ ಹರಿಯುತ್ತದೆ. ಬಗ್ಗಿಸಿ, ಬೆಸೆದು, ಆಮೇಲೆ ಇಡೀ ಫ್ರೇಮನ್ನು ಕುಲುಮೆಗೆ ಕಳಿಸಿ ಗಟ್ಟಿ ಮಾಡಿಸಬೇಕು. ಬೆಸುಗೆಯ ಬಿಸಿಗೆ ಸೋತ ಜಾಗವೂ ಅಲ್ಲಿ ಮತ್ತೆ ಚೇತರಿಸಿಕೊಳ್ಳುತ್ತದೆ. ಕುಲುಮೆ ನಮ್ಮಲ್ಲಿರಲಿಲ್ಲ, ಊರಾಚೆ ಇತ್ತು. ಫ್ರೇಮು ಸಾಗಿಸುವ ಕೆಲಸ ನನ್ನದು.

ಪೈಪು ಬಗ್ಗಿಸುವುದು ಅಂದರೆ ಮಂಡಿಗೆ ಒತ್ತಿ ಬೆತ್ತ ಬಗ್ಗಿಸಿದ ಹಾಗಲ್ಲ. ತೆಳು ಪೈಪು ಒಳಬಾಗಿನಲ್ಲಿ ಸುಕ್ಕು ಬೀಳುತ್ತದೆ, ಹಳೇ ಕಾಲುಚೀಲದ ಹಾಗೆ. ಅದು ಬೀಳದಂತೆ ಒತ್ತಿ ಹಿಡಿಯುವ ಉಕ್ಕಿನ ಒಂದು ತುಂಡಿದೆ. ಅದರ ತುದಿ ಬಹಳ ತೆಳು. ನಮ್ಮವರು ಅದನ್ನು ನಾಲಿಗೆ ಅಂತಿದ್ದರು. “ಅಕ್ಕನ ನಾಲಿಗೆಗಿಂತ ಇದೇ ವಾಸಿ, ಒಂದೇ ಕಡೆ ಹರಿತ,” ಅಂತ ಮೇಸ್ತ್ರಿ ಚೇಷ್ಟೆ ಮಾಡುತ್ತಿದ್ದರು. ಆ ನಾಲಿಗೆಯನ್ನೂ ಉಳಿದ ಅಚ್ಚುಗಳನ್ನೂ ಅರದಕ್ಕ ತಾನೇ ಕೂತು ಮಾಡಿದಳು. ಸೀಟಿನಿಂದ ಕಾಲಿಡುವ ಜಾಗಕ್ಕೆ ಇಳಿಯುವ ಮುಂದಿನ ಬಾಗು ತೀರ ಬಿಗಿ ಇರಬೇಕು, ಆಗಲೇ ಕುರ್ಚಿಗೆ ಲಕ್ಷಣ ಅಂತ ಯಜಮಾನರ ಹಟ. ಅವಳು ಒಮ್ಮೆ “ಇನ್ನೊಂಚೂರು ಸಡಿಲ ಬಿಡೋಣ” ಅಂದಳು. ಅವರು ಒಪ್ಪಲಿಲ್ಲ. ಅವಳೂ ಬಿಟ್ಟಳು.

ಮೊದಲ ಹನ್ನೆರಡು ಫ್ರೇಮು ಬಗ್ಗಿಸಿ, ಬೆಸೆದು, ಕುಲುಮೆಗೆ ಸಾಗಿಸುವ ದಿನ ನಾನು ಒಂದನ್ನು ವ್ಯಾನಿಗೆ ಎತ್ತುತ್ತಾ ಮುಂದಿನ ಬಾಗಿನ ಒಳಮೈ ಸವರಿದೆ. ಉಗುರಿಗೆ ಏನೋ ತಗುಲಿತು. ಕೂದಲೆಳೆಯಂಥ ಗೆರೆ.

“ಅಕ್ಕಾ, ಇದೇನು ಗೆರೆ?”

ಅವಳು ಬಂದು ಮುಟ್ಟಿದಳು. ಇನ್ನೊಂದು ಫ್ರೇಮು ಮುಟ್ಟಿದಳು, ಮತ್ತೊಂದು. ಟೂಲ್‌ರೂಮಿಗೆ ಹೋಗಿ ನಾಲಿಗೆಯ ತುದಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಸಾಸಿವೆಯ ಕಾಲುಭಾಗದಷ್ಟು ಚಕ್ಕೆ ಎದ್ದಿತ್ತು, ಪೈಪನ್ನು ಗೀರಿದ್ದು ಅದೇ. ಹೊಸ ನಾಲಿಗೆ ಮಾಡಿ ಕ್ರೋಮ್ ಹಾಕಿಸಲು ವಾರ ಬೇಕು, ಫ್ರೇಮುಗಳನ್ನೂ ಮತ್ತೆ ಮಾಡಬೇಕು. ಯಜಮಾನರು ಬೆಳಗಿನಿಂದ ಮೂರು ಸಲ ಬಂದು “ಹೊರಟ್ವಾ?” ಅಂತ ಕೇಳಿಹೋಗಿದ್ದರು. ಅವಳು ಸಣ್ಣ ಎಮರಿ ಕಾಗದ ತಂದು ಒಂದೊಂದೇ ಬಾಗನ್ನು ಉಜ್ಜಿದಳು. ಉಗುರಿಗೆ ಏನೂ ಸಿಗದ ಹಾಗೆ ಉಜ್ಜಿದಳು.

“ಮೇಲ್ಮೈದು ಅಷ್ಟೇ. ಹಾಕು ಗಾಡಿಗೆ,” ಅಂದಳು. ನನ್ನ ಮುಖ ನೋಡಲಿಲ್ಲ. ನಾನು ಹಾಕಿದೆ.

ಇನ್ನೊಂದು ತಪ್ಪೂ ನಡೆಯಿತು. ಪರೀಕ್ಷೆ ಮುಗಿಯುವ ಮೊದಲು ಹೊಸ ಕುರ್ಚಿಯನ್ನು ಯಾರಿಗೂ ಕೊಡಬಾರದು, ಇದು ಅರದಕ್ಕನೇ ಮಾಡಿದ ನಿಯಮ. ಆದರೆ ಪರೀಕ್ಷೆಯ ಯಂತ್ರ ಕೆಟ್ಟು ಕೂತಿತ್ತು. ತಂಗಿಯ ಹಳೇ ಕುರ್ಚಿಯ ಗಾಲಿ ಸವೆದು, ಅವಳ ಹೆಗಲು ನೋವು ರಾತ್ರಿ ನಿದ್ದೆ ಬಿಡದಷ್ಟಾಗಿತ್ತು. ಹನ್ನೆರಡರಲ್ಲಿ ಒಂದು ತಂಗಿಯ ಮನೆಗೆ ಹೋಯಿತು. ಸಾಗಿಸಿದವನು ನಾನೇ. ತಂಗಿ ಅಂಗಳದಲ್ಲಿ ಒಂದೇ ತಳ್ಳಿಗೆ ಗಿರ್ರನೆ ತಿರುಗಿ, “ಅಕ್ಕಾ, ಇದು ಕುರ್ಚಿಯಲ್ಲ, ಬಾಲ ಇಲ್ಲದ ಕುದುರೆ!” ಅಂತ ಕೂಗಿದಳು. ಅರದಕ್ಕ ಅವತ್ತು ನಕ್ಕಂತೆ ನಕ್ಕದ್ದನ್ನು ನಾನು ಮತ್ತೆ ನೋಡಿಲ್ಲ.

ಐದು ವಾರ ಕಳೆಯಿತು. ಯಂತ್ರ ದುರಸ್ತಿಯಾಗಿ, ಹನ್ನೆರಡರಲ್ಲಿ ಇನ್ನೊಂದು ಪರೀಕ್ಷೆಗೆ ಏರಿತು. ಎರಡು ದೊಡ್ಡ ಉರುಳೆಗಳ ಮೇಲೆ ಕುರ್ಚಿ ನಿಲ್ಲಿಸುತ್ತಾರೆ, ಉರುಳೆಗೆ ಪಟ್ಟಿ ಬಡಿದಿರುತ್ತದೆ, ತಿರುಗಿದ ಹಾಗೆ ಕುರ್ಚಿ ದಡಬಡ ಕುಲುಕುತ್ತದೆ. ಎರಡು ಲಕ್ಷ ಕುಲುಕು ತಾಳಬೇಕು. ಕುರ್ಚಿಯಲ್ಲಿ ನೂರು ಕಿಲೋದ ಬೊಂಬೆ. ಕೆಲಸವಿಲ್ಲದೆ ಕೂತಿರುತ್ತದೆ ಅಂತ ಅದಕ್ಕೆ ಮನೆಯಳಿಯ ಅಂತ ಹೆಸರಿಟ್ಟಿದ್ದೆವು.

ಅದು ಶುಕ್ರವಾರ. ಮಧ್ಯಾಹ್ನ ಮೂರಕ್ಕೆ ಒಂದು ಆಸ್ಪತ್ರೆ ಬಳಗದಿಂದ ಮೂವರು ಕುರ್ಚಿ ನೋಡಲು ಬರುವವರಿದ್ದರು. ಬಣ್ಣ ಹಾಕಿದ ಹತ್ತು ಕುರ್ಚಿ ಮುಂದಿನ ಹಾಲಿನಲ್ಲಿ ಸಾಲಾಗಿ ನಿಂತಿದ್ದವು. ಹನ್ನೆರಡರ ಹೊತ್ತಿಗೆ ಪರೀಕ್ಷೆಯ ಕೋಣೆಯಿಂದ ‘ಟಪ್’ ಅಂತ ಸದ್ದಾಯಿತು. ನಾವು ಓಡಿಹೋಗುವಷ್ಟರಲ್ಲಿ ಮನೆಯಳಿಯ ಮುಗ್ಗರಿಸಿ ನೆಲ ಮುಟ್ಟಿದ್ದ. ಎಣಿಕೆಯ ಡಬ್ಬಿಯಲ್ಲಿ ಒಂದು ಲಕ್ಷದ ಮೂವತ್ತೊಂದು ಸಾವಿರ. ಎಡಗಡೆಯ ಮುಂದಿನ ಬಾಗು ಬಾಯಿ ಬಿಟ್ಟಿತ್ತು.

ಸಣ್ಣ ಯಜಮಾನರು ಬಗ್ಗಿ ನೋಡಿದರು. ಬಿರುಕಿಗೂ ಬೆಸುಗೆಗೂ ನಡುವೆ ಒಂದು ಹೆಬ್ಬೆರಳಿನ ಅಂತರ.

“ಬೆಸುಗೆಯ ಬಿಸಿ ಜಾಸ್ತಿಯಾಗಿದೆ,” ಅಂದರು. ಆಮೇಲೆ ಮೇಸ್ತ್ರಿಯ ಕಡೆ ತಿರುಗಿ, “ಮೇಸ್ತ್ರೀ, ಕಣ್ಣಿನ ಆಪರೇಶನ್ ಆದ್ಮೇಲೆ ಸರಿಯಾಗಿ ಕಾಣ್ತಿದೆಯಾ ನಿಮಗೆ?”

ಮೇಸ್ತ್ರಿ ಮುಂದೆ ಬಂದರು. ಬಿರುಕಿನ ಹತ್ತಿರ ಕೂತು ನೋಡಿದರು. “ಇದು ನನ್ನ ಬೆಸುಗೆಯಿಂದ ಹುಟ್ಟಿದ್ದಲ್ಲ,” ಅಂದರು.

“ಮತ್ತೆ ಗಾಳಿಯಿಂದ ಹುಟ್ತಾ? ಇವತ್ತೇ ಆಗಬೇಕಿತ್ತಾ ಇದು? ಕಾಣಲ್ಲ ಅಂದ್ರೆ ಕಾಣಲ್ಲ ಅಂತ ಹೇಳಬೇಕು ಮೇಸ್ತ್ರೀ, ಕೂತೋರ ಜೀವದ ಪ್ರಶ್ನೆ!”

ಕೋಣೆಯಲ್ಲಿ ಎಂಟು ಹತ್ತು ಜನ ಇದ್ದೆವು. ನಾನು ಅರದಕ್ಕನನ್ನು ನೋಡಿದೆ. ಅವಳ ಮುಖ ಬೂದಿಯ ಹಾಗಿತ್ತು. ತುಟಿ ಅಲುಗಿತು, ಮಾತು ಹೊರಡಲಿಲ್ಲ. ನನಗೂ ಹೊರಡಲಿಲ್ಲ. ಮೇಸ್ತ್ರಿ ಕೈಗವಸು ಒಂದೊಂದೇ ಬಿಚ್ಚಿ ಮೇಜಿನ ಮೇಲಿಟ್ಟು ಹೊರಗೆ ನಡೆದರು.

ಆಗ ಅರದಕ್ಕ ಬೆಚ್ಚಿಬಿದ್ದವಳಂತೆ ನನ್ನ ರಟ್ಟೆ ಹಿಡಿದಳು. “ಪುಟ್ಟಿ,” ಅಂದಳು. ತಂಗಿಯನ್ನು ಅವಳು ಕರೆಯುತ್ತಿದ್ದದ್ದು ಹಾಗೆ. “ಗಾಡಿ ತೆಗಿ.”

ದಾರಿಯುದ್ದಕ್ಕೂ ಫೋನ್ ಮಾಡಿದಳು. ಗಂಟೆ ಹೊಡೆಯುತ್ತದೆ, ಎತ್ತುವುದಿಲ್ಲ. ತಂಗಿ ಅವತ್ತು ಪರೀಕ್ಷೆ ಮೇಲ್ವಿಚಾರಣೆಗೆ ರೈಲುಹಳಿಯ ಆಚೆಗಿನ ಕಾಲೇಜಿಗೆ ಹೋಗಿದ್ದಳು. ಅಲ್ಲಿ ಫೋನನ್ನು ಹೊರಗಿಡಬೇಕು. ನಾಲ್ಕು ಸಿಗ್ನಲ್ಲಿನಲ್ಲೂ ಕೆಂಪು ಬಿತ್ತು. “ಅವಳು ಚರಂಡಿ ಹಲಗೆ ಹಾರಿಸ್ತಾಳೆ, ಕಟ್ಟೆ ಇಳಿಸ್ತಾಳೆ. ಸುಮ್ನೆ ಓಡಿಸೋಳಲ್ಲ ಅವಳು,” ಅಂತ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಕಾಲೇಜಿನ ಗೇಟಿನಲ್ಲಿ ಕಾವಲುಗಾರ, “ಮೇಡಂ ಈಗ ತಾನೇ ಹೋದ್ರಲ್ಲ, ಮೇಲ್ಸೇತುವೆ ಕಡೆಗೆ,” ಅಂದ.

ಹಳಿ ದಾಟುವ ಆ ಮೇಲ್ಸೇತುವೆಗೆ ಮೆಟ್ಟಿಲ ಪಕ್ಕ ಉದ್ದದ ಇಳಿಜಾರಿದೆ. ಸುತ್ತಿ ಹಳಿಯ ಈಚೆಗೆ ಬಂದು ಅದರ ಬುಡದಲ್ಲಿ ವ್ಯಾನ್ ನಿಲ್ಲಿಸಿ ತಲೆ ಎತ್ತಿದರೆ, ತಂಗಿ ಮೇಲಿನಿಂದ ಇಳಿಯಲು ಶುರು ಮಾಡಿದ್ದಳು. ನಾನು ಕೂಗಲು ಬಾಯಿ ತೆರೆದೆ. ಅರದಕ್ಕ ನನ್ನ ಬಾಯಿಯನ್ನೇ ಮುಚ್ಚಿದಳು.

“ಕೂಗಬೇಡ! ಗಾಬರಿಯಾಗಿ ಗಾಲಿ ಗಕ್ಕನೆ ಹಿಡೀತಾಳೆ. ಭಾರ ಎಲ್ಲಾ ಮುಂದಿನ ಬಾಗಿಗೆ ಬೀಳುತ್ತೆ.”

ಅವಳು ಇಳಿಜಾರು ಹತ್ತತೊಡಗಿದಳು. ಓಡಲಿಲ್ಲ. ಪೇಟೆಗೆ ಹೊರಟವಳಂತೆ, ಕೈ ಬೀಸುತ್ತಾ. ಹಿಂದೆ ನಾನು. ತಂಗಿ ಅಂಗೈಗಳನ್ನು ಗಾಲಿ ತಳ್ಳುವ ಬಳೆಗೆ ಸವರಿಸುತ್ತಾ ವೇಗವಾಗಿಯೇ ಬರುತ್ತಿದ್ದಳು. ಅಕ್ಕನನ್ನು ಕಂಡು, “ನೀನಿಲ್ಲೇನು ಮಾಡ್ತಿದ್ದೀ?” ಅಂದಳು.

“ನಿನ್ನನ್ನ ನೋಡೋಕೆ ಬಂದೆ. ನಿಧಾನ. ಹಾಗೇ ಬಿಡ್ತಾ ಬಾ, ಹಿಡೀಬೇಡ.” ಪಕ್ಕಕ್ಕೆ ಬಂದವಳೇ ಕುರ್ಚಿಯ ಬೆನ್ನಿನ ಕೊಳವೆಗೆ ಕೈ ಹಾಕಿದಳು. ನಾನು ಇನ್ನೊಂದು ಕಡೆ ಹಿಡಿದೆ. ಕುರ್ಚಿಯನ್ನು ಹಿಂದಕ್ಕೆ ವಾಲಿಸಿ, ಮುಂದಿನ ಗಾಲಿ ನೆಲಕ್ಕೆ ತಾಕದಂತೆ, ಹೆಜ್ಜೆ ಹೆಜ್ಜೆಗೆ ಕೆಳಗೆ ತಂದೆವು. ತಂಗಿ ಗಾಲಿಯಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡಳು. 

ವ್ಯಾನಿನಲ್ಲಿ ಯಾವಾಗಲೂ ಒಂದು ಹಳೇ ಕುರ್ಚಿ ಇರುತ್ತಿತ್ತು. ತಂಗಿಯನ್ನು ಅದಕ್ಕೆ ದಾಟಿಸಿದೆವು. “ಮತ್ತೆ ಈ ಎಮ್ಮೆ ಮೇಲಾ?” ಅಂದಳು.  ಅರದಕ್ಕ ಹೊಸ ಕುರ್ಚಿಯನ್ನು ತಲೆಕೆಳಗು ಮಾಡಿ ಟಾರ್ಚ್ ಬಿಟ್ಟಳು. ಎಡಗಡೆಯ ಬಾಗಿನ ಒಳಮೈಯಲ್ಲಿ ಬಣ್ಣ ಒಡೆದಿತ್ತು. ಅದರ ಕೆಳಗೆ ಕಿರುಬೆರಳಿನ ಉಗುರಿನಷ್ಟು ಉದ್ದದ ಬಿರುಕು.

ತಂಗಿ ಅದನ್ನು ನೋಡಿದಳು, ಅಕ್ಕನನ್ನು ನೋಡಿದಳು. “ಗೊತ್ತಿತ್ತಾ ನಿನಗೆ?”

“ಗೆರೆ ಬಿದ್ದಿದ್ದು ಗೊತ್ತಿತ್ತು. ಉಜ್ಜಿ ಮುಚ್ಚಿದೆ. ಹೋಯ್ತು ಅಂದ್ಕೊಂಡೆ.”

“ಅಂದ್ಕೊಂಡ್ಯಾ, ಅಂದ್ಕೋಬೇಕು ಅಂದ್ಕೊಂಡ್ಯಾ?”

ಅರದಕ್ಕ ಟಾರ್ಚ್ ಆರಿಸಿ ಕುರ್ಚಿಯನ್ನು ವ್ಯಾನಿಗೆ ಏರಿಸಿದಳು. ಕಾರ್ಖಾನೆ ಕಡೆ ಹೊರಟೆವು. ಮುಕ್ಕಾಲು ದಾರಿಯಲ್ಲಿ ನಾನೇ ತಡೆಯಲಾರದೆ ಮೇಸ್ತ್ರಿಯ ವಿಷಯ ಹೇಳಿಬಿಟ್ಟೆ. ತಂಗಿ ಸೀಟಿನಿಂದ ಮುಂದಕ್ಕೆ ಬಾಗಿದಳು.

“ಅಂದ್ರೆ ನೀನು ನನ್ನ ಹತ್ರ ಓಡಿ ಬಂದೆ, ಅವರನ್ನ ಅಲ್ಲೇ ಬಿಟ್ಟು ಬಂದೆ.”

“ಮೊದಲು ನೀನು...”

“ಒಂದು ಮಾತು ಆಡೋಕೆ ಎಷ್ಟು ಹೊತ್ತು ಬೇಕಿತ್ತು ಅಕ್ಕಾ? ಮೂರು ಶಬ್ದ. ತಪ್ಪು ನಂದು, ಅವರದಲ್ಲ.”

ಕಾರ್ಖಾನೆ ತಲುಪಿದಾಗ ಗಂಟೆ ಎರಡೂ ಹತ್ತು. ಮೇಸ್ತ್ರಿ ಮನೆಗೆ ಹೋಗಿದ್ದರು, ಅವರ ಉಪಕರಣದ ಪೆಟ್ಟಿಗೆ ಖಾಲಿಯಾಗಿತ್ತು. ಸಣ್ಣ ಯಜಮಾನರು ಹಾಲಿನಲ್ಲಿ ಹತ್ತು ಕುರ್ಚಿಗಳ ನಡುವೆ ನಿಂತು ಒಂದನ್ನು ಬಟ್ಟೆಯಿಂದ ಒರೆಸುತ್ತಿದ್ದರು. ಅರದಕ್ಕ ಬಿರುಕು ಬಿಟ್ಟ ಕುರ್ಚಿಯನ್ನು ಅವರ ಎದುರಿಗಿಟ್ಟು ಎಲ್ಲ ಹೇಳಿದಳು. ನಾಲಿಗೆಯ ಚಕ್ಕೆ, ಗೆರೆ, ಎಮರಿ ಕಾಗದ, ತಂಗಿಗೆ ಕೊಟ್ಟದ್ದು. “ಈ ಹತ್ತರಲ್ಲೂ ಅದೇ ಗೆರೆ ಇದೆ ಸಾರ್. ಮೇಸ್ತ್ರಿದು ಏನೂ ತಪ್ಪಿಲ್ಲ.”

ಯಜಮಾನರ ಕೈಯ ಬಟ್ಟೆ ಹಾಗೇ ನಿಂತಿತು. “ಈಗ ಹೇಳ್ತಿದ್ದೀರಾ? ಅವರು ಬರೋಕೆ ಐವತ್ತು ನಿಮಿಷ ಮುಂಚೆ?”

“ಐದು ವಾರ ಮುಂಚೆ ಹೇಳಬೇಕಿತ್ತು.”

“ಅಕ್ಕಾ, ಕೇಳಿ. ಬರ್ತಾರೆ, ನೋಡ್ತಾರೆ, ಹೋಗ್ತಾರೆ. ಯಾರಿಗೂ ಕೊಡ್ತಿಲ್ಲ ನಾವು. ಇವತ್ತೊಂದು ದಿನ ಸುಮ್ನಿರಿ. ನಾಳೆ ಎಲ್ಲಾ ಕತ್ತರಿಸಿ ಹಾಕಿ, ನಾನೇ ಗರಗಸ ತಂದುಕೊಡ್ತೀನಿ.”

“ಬಂದೋರು ಕೂತು ನೋಡಲ್ವಾ ಸಾರ್?”

ಆಗ ನಾನೂ ಬಾಯಿ ಬಿಟ್ಟೆ. “ಗೆರೆ ನಾನೂ ನೋಡಿದ್ದೆ ಸಾರ್. ಮೊದಲು ನೋಡಿದ್ದೇ ನಾನು,” ಅಂದೆ. ಅವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಒರೆಸುವ ಬಟ್ಟೆ ನೆಲಕ್ಕೆ ಎಸೆದು ಒಳಗೆ ಹೋದರು.

ಮೂರಕ್ಕೆ ಸರಿಯಾಗಿ ಆಸ್ಪತ್ರೆಯವರು ಬಂದರು. ಇಬ್ಬರು ನಡೆದು ಬಂದರು, ಮೂರನೆಯವರು ಹೆಂಗಸು, ಕುರ್ಚಿಯಲ್ಲಿ. ಅವರು ಡಾಕ್ಟರು. ಸಾಲಾಗಿ ನಿಂತ ಕುರ್ಚಿ ಕಂಡದ್ದೇ ಅವರ ಕಣ್ಣು ಅರಳಿತು, ಹತ್ತಿರದ ಒಂದಕ್ಕೆ ಕೈ ಚಾಚಿದರು. ಸಣ್ಣ ಯಜಮಾನರು ಬಾಗಿಲಲ್ಲಿ ನಿಂತಿದ್ದರು. 

“ಕೂರಬೇಡಿ,” ಅಂದವರು ಅವರೇ. ಅರದಕ್ಕ ಅಲ್ಲ.

ಆಮೇಲೆ ಅರದಕ್ಕ ಬಿರುಕಿನ ಮೇಲೆ ಟಾರ್ಚ್ ಬಿಟ್ಟು ಆ ಡಾಕ್ಟರಿಗೆ ತೋರಿಸಿದಳು. ಯಾರ ಕೈಯಿಂದ ಆದದ್ದು ಅಂತಲೂ ಹೇಳಿದಳು. ಡಾಕ್ಟರು ತುಂಬ ಹೊತ್ತು ನೋಡಿ, “ಇದರ ಮೇಲೆ ಯಾರಿದ್ರು?” ಅಂತ ಕೇಳಿದರು. “ನಾನು,” ಅಂದಳು ತಂಗಿ, ಹಿಂದಿನಿಂದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಬಂದವರು ಚಹಾ ಕುಡಿಯದೆ ಎದ್ದರು. ಮತ್ತೆ ಬರುತ್ತೇವೆ ಅಂತಲೂ ಹೇಳಲಿಲ್ಲ, ಬರುವುದಿಲ್ಲ ಅಂತಲೂ ಹೇಳಲಿಲ್ಲ.

ಅಂದು ಸಂಜೆಯೇ ಅರದಕ್ಕ ಮೇಸ್ತ್ರಿಯ ಮನೆಗೆ ಹೋದಳು. ನಾನು ಬಾಗಿಲಲ್ಲೇ ನಿಂತೆ. ಅವರ ಹೆಂಡತಿ ನೀರು ತಂದುಕೊಟ್ಟರು. ಮೇಸ್ತ್ರಿ ಕುರ್ಚಿಯಿಂದ ಏಳಲಿಲ್ಲ. ಅವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು.

“ಕೈ ತಪ್ಪುತ್ತೆ ತಾಯಿ, ಯಾರ ಕೈಯೂ ತಪ್ಪುತ್ತೆ,” ಅಂದರು ಕೊನೆಗೆ. “ಆದ್ರೆ ಅವರು ನನ್ನ ಕಣ್ಣಿನ ಮಾತೆತ್ತಿದಾಗ ನೀನು ಪಕ್ಕದಲ್ಲೇ ನಿಂತಿದ್ದೆ. ಅದಕ್ಕೆ ಬೆಸುಗೆ ಕೂರಲ್ಲ.”

ಮೂರನೇ ದಿನ ಸಣ್ಣ ಯಜಮಾನರೇ ಹೋಗಿ ಕೈ ಹಿಡಿದು ಕ್ಷಮೆ ಕೇಳಿದ ಮೇಲೆ ಮೇಸ್ತ್ರಿ ಕೆಲಸಕ್ಕೆ ಬಂದರು. ಅರದಕ್ಕನ ರಾಜೀನಾಮೆಯನ್ನು ಯಜಮಾನರು ತೆಗೆದುಕೊಳ್ಳಲಿಲ್ಲ. ಆದರೆ ಇನ್ನು ಮೇಲೆ ಅವಳೊಬ್ಬಳ ಮಾತಿಗೆ ಫ್ರೇಮು ಹೊರಬೀಳುವುದಿಲ್ಲ, ಬೆಸೆಯುವ ಮೊದಲು ಮೇಸ್ತ್ರಿಯೂ ಪ್ರತಿ ಬಾಗು ನೋಡಿ ಸಹಿ ಹಾಕಬೇಕು ಅಂತ ಆಯಿತು. ಅವಳು ಅದನ್ನು ತಲೆ ಬಗ್ಗಿಸಿ ಒಪ್ಪಿದಳು. ಮೇಸ್ತ್ರಿ ಬಾಗು ನೋಡಿ, ಸಹಿ ಹಾಕಿ, ಅವಳ ಕಡೆ ಬೆನ್ನು ತಿರುಗಿಸಿ ಕೂರುತ್ತಿದ್ದರು. ಮಾತು ಪೂರ್ತಿ ನಿಂತಿತ್ತು. ಪಕ್ಕಪಕ್ಕದ ಕೋಣೆ, ನಡುವೆ ಕದವಿಲ್ಲದ ಬಾಗಿಲು, ಆದರೂ ಏನಾದರೂ ಬೇಕಾದರೆ ನನ್ನ ಕೈಲಿ ಹೇಳಿಕಳಿಸುತ್ತಿದ್ದರು.

ಹನ್ನೆರಡು ಫ್ರೇಮನ್ನೂ ಅರದಕ್ಕ ತಾನೇ ಕತ್ತರಿಸಿದಳು. ಅಲ್ಯೂಮಿನಿಯಂ ಜಾತಿ ಬದಲಿಸಲಿಲ್ಲ, ಅದರಲ್ಲಿ ತಪ್ಪಿರಲಿಲ್ಲ. ಬದಲಾದದ್ದು ಬಾಗು. ಈ ಸಲ ಯಜಮಾನರು ತಕರಾರು ಮಾಡಲಿಲ್ಲ, ತಾವೇ “ಸಡಿಲ ಬಿಡಿ” ಅಂದರು. ನಾಲಿಗೆಯನ್ನು ಬೇರೆ ಉಕ್ಕಿನಲ್ಲಿ ಮಾಡಿ, ಕ್ರೋಮ್ ಹಾಕಿಸಿ, ಕನ್ನಡಿಯ ಹಾಗೆ ಹೊಳಪು ಕೊಟ್ಟಳು. ಪ್ರತಿ ದಿನ ಬಗ್ಗಿಸಿದ ಮೊದಲ ಪೈಪನ್ನು ಉದ್ದಕ್ಕೆ ಸೀಳಿ ಒಳಗೂ ಹೊರಗೂ ನೋಡುವುದು ರೂಢಿಯಾಯಿತು. ಕುರ್ಚಿ ಮುನ್ನೂರು ಗ್ರಾಂ ಭಾರವಾಯಿತು.

ಪರೀಕ್ಷೆ ಶುರುವಾದ ದಿನದಿಂದ ಅರದಕ್ಕ ಸರಿಯಾಗಿ ಊಟ ಮಾಡಲಿಲ್ಲ. ಎಣಿಕೆ ಒಂದು ಲಕ್ಷದ ಮೂವತ್ತು ಸಾವಿರ ದಾಟುವಾಗ ಯಾರೂ ಕರೆಯದೆ ಎಲ್ಲರೂ ಆ ಕೋಣೆಗೆ ಬಂದು ಗೋಡೆಗೆ ಒರಗಿ ನಿಂತೆವು. ತಂಗಿಯೂ ಕಾಲೇಜಿಗೆ ರಜೆ ಹಾಕಿ ಬಂದಿದ್ದಳು. ಮೂವತ್ತೊಂದು. ಮೂವತ್ತೆರಡು. ದಡಬಡ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಮರುದಿನ ಎರಡು ಲಕ್ಷವಾಯಿತು. ಅರದಕ್ಕ ನಿಲ್ಲಿಸಲು ಬಿಡಲಿಲ್ಲ. “ಎಲ್ಲಿ ಮುರಿಯುತ್ತೋ ನೋಡೋವರೆಗೂ ಓಡಲಿ,” ಅಂದಳು. ಮೂರು ಲಕ್ಷದ ನಲವತ್ತು ಸಾವಿರಕ್ಕೆ ಹಿಂದಿನ ಗಾಲಿಯ ಅಚ್ಚಿನ ಬೋಲ್ಟು ಹೋಯಿತು. ಬಾಗು ಹಾಗೇ ಇತ್ತು.

ತಂಗಿಗೆ ಹೊಸ ಕುರ್ಚಿ ಸಿಕ್ಕಿತು, ಈ ಸಲ ನಿಯಮದ ಪ್ರಕಾರ. ಆಸ್ಪತ್ರೆಯವರು ಏಳು ತಿಂಗಳು ಸುಮ್ಮನಿದ್ದು, ಆರೇ ಆರು ಕುರ್ಚಿ ಕೇಳಿದರು. ಕಾಗದದ ಕೆಳಗೆ ಆ ಡಾಕ್ಟರ ಸಹಿ ಇತ್ತು.

ಬೋಲ್ಟು ಮುರಿದ ಆ ದಿನ ಎಲ್ಲರೂ ಹೊರಗೆ ಹೋದ ಮೇಲೆ ಮೇಸ್ತ್ರಿ ಯಂತ್ರದ ಹತ್ತಿರ ಬಂದರು. ಎಡಗಡೆಯ ಬಾಗಿನ ಒಳಮೈಗೆ ಹೆಬ್ಬೆರಳು ಒತ್ತಿ ಸವರಿದರು, ಬಲಗಡೆ ಸವರಿದರು, ಒಂದು ಕಣ್ಣು ಮುಚ್ಚಿ ನೆಟ್ಟಗೆ ನೋಡಿದರು. ಅರದಕ್ಕ ಎರಡು ಹೆಜ್ಜೆ ದೂರದಲ್ಲಿ ಕೈಕಟ್ಟಿ ನಿಂತಿದ್ದಳು.

“ಬಲಗಡೆ ಪೈಪು ಒಂದರ್ಧ ಮಿಲ್ಲಿ ಉದ್ದ ಇದೆ,” ಅಂದರು. ಆರು ವಾರದಲ್ಲಿ ಅವಳಿಗೆ ನೇರವಾಗಿ ಆಡಿದ ಮೊದಲ ಮಾತು. “ಬೆಸೆಯುವಾಗ ಎಳೆದು ಕೂರಿಸಬೇಕಾಯ್ತು. ಮುಂದಿನ ಫ್ರೇಮಿಗೆ ನೋಡ್ಕೋ.”

ಅವಳು ಅಳತೆಗೋಲು ತಂದು ಅಳೆದಳು. ಹೌದು, ಅರ್ಧ ಮಿಲ್ಲಿ ಉದ್ದ ಇತ್ತು.

“ಸರಿ ಮಾಡ್ತೀನಿ ಮೇಸ್ತ್ರೀ,” ಅಂದು ಟೂಲ್‌ರೂಮಿನ ಕಡೆ ಹೊರಟಳು.